ಕಲ್ಲಿನ ಸೋಪು

ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ. ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟು ಹೋದ. ಇನ್ನು ಒಂದು ಸಾಕು ಎಂದು ಹೇಳಲು ಯಾರಿಗೂ ನೆನಪಾಗಿರಲಿಲ್ಲ. ಅವಳು ಎರಡನ್ನೂ ಕಾಯಿಸಿದಳು. ಕಿಟಕಿಯಲ್ಲಿ ನೀರಿನಲ್ಲೇ ಬೇರು ಬಿಟ್ಟಿದ್ದ ಬಳ್ಳಿಯನ್ನು ಎತ್ತಿ ಗಂಡನ ಸ್ಟೀಲ್ ಲೋಟಕ್ಕೆ ಹಾಕಿದಳು. ಆ ಲೋಟ ಇನ್ನು ಯಾರಿಗೂ ಬೇಕಿರಲಿಲ್ಲ.

"ಚೀಲದಲ್ಲಿ ಏನೇ ಅದು?" ಅತ್ತೆ ಕೇಳಿದರು.

"ಹೋಟೆಲಿನದು. ಇವರು ಎರವಲು ತಂದಿದ್ರು. ಕೊಟ್ಟು ಬರ್ತೀನಿ."

"ಕೊಡೋಕೆ ಹೋಗ್ತಿದ್ದೀಯೋ, ಕೇಳೋಕೋ?"

ಅವಳು ಚಪ್ಪಲಿ ಮೆಟ್ಟಿದಳು.

"ನನ್ನ ಮಗ ಅಂಥ ತಪ್ಪು ಮಾಡೋನಲ್ಲ ಕಣೇ," ಎಂದರು ಅತ್ತೆ ಗೋಡೆಯ ಕಡೆ ತಿರುಗಿ. ಎಷ್ಟನೆಯ ಸಲವೋ.

ತಪ್ಪು ಇಷ್ಟೇ. ಹೋಟೆಲಿನ ಹಿಂದೆ, ಕಿಟಕಿಯಿಲ್ಲದ ತೊಳೆಯುವ ಕೋಣೆಯಲ್ಲಿ, ಬ್ಲೀಚ್ ನೀರಿನ ಬಕೆಟ್ಟಿಗೆ ಅವನು ಆಸಿಡ್ ಸುರಿದಿದ್ದ. ವಿಷದ ಹೊಗೆ ಎದ್ದಿತ್ತು. ಬಾಗಿಲು ತೆಗೆಯುವ ಹೊತ್ತಿಗೆ ಅವನ ಉಸಿರು ನಿಂತಿತ್ತು. "ಪಾಪ, ಕೈಯಾರೆ ತಂದ್ಕೊಂಡ," ಎಂದು ಮ್ಯಾನೇಜರ್ ಸ್ಮಶಾನದಲ್ಲಿ ಒಬ್ಬೊಬ್ಬರ ಬಳಿಯೂ ಹೋಗಿ ಹೇಳಿದ್ದ. ಜನ ತಲೆಯಾಡಿಸಿದ್ದರು.

ಹೋಟೆಲಿನಲ್ಲಿ ಅವಳ ಗಂಡನನ್ನು ಎಲ್ಲರೂ ಕನ್ನಡಿ ಎನ್ನುತ್ತಿದ್ದರು. ಅವನು ಒರೆಸಿದ ಮೇಜಿನಲ್ಲಿ ಮುಖ ಕಾಣುತ್ತಿತ್ತು.

"ಮೇಜಲ್ಲೇ ನೋಡ್ಕೊಂಡು ಮೀಸೆ ಕತ್ತರಿಸ್ತಿದ್ದೆ ತಂಗಿ," ಎಂದ ಅಡುಗೆಯವನು. "ಈಗ ನೋಡು ನನ್ನ ಅವತಾರ. ಒಂದು ಕಡೆ ಏರು, ಇನ್ನೊಂದು ಕಡೆ ಇಳಿಜಾರು." ನಕ್ಕ. ನಕ್ಕವನು ಹೆಗಲ ಮೇಲಿನ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡ.

ಅವಳು ನೇರ ಯಜಮಾನಿಯ ಬಳಿ ಹೋದಳು. "ಅಮ್ಮಾ, ಇವತ್ತೊಂದು ದಿನ ಇವರ ಮೇಜುಗಳನ್ನ ನಾನು ಒರೆಸಲಾ?"

"ಅಭ್ಯಾಸ ಇಲ್ಲದ ಕೈ ಅಮ್ಮಾವ್ರೇ," ಎಂದ ಮ್ಯಾನೇಜರ್. ಅವನ ಸೊಂಟದಲ್ಲಿ ಬೀಗದ ಕೈಗೊಂಚಲು ಸದ್ದು ಮಾಡಿತು. ಕಕ್ಕಸು ತೊಳೆಯುವ ಆಸಿಡ್ಡಿನ ಬೀರುವಿನ ಕೀಲಿ ಅದರಲ್ಲೇ ಇತ್ತು. ಮೊದಲಿನಿಂದಲೂ ಅದರಲ್ಲೇ.

"ಒರೆಸಲಿ ಬಿಡ್ರಿ," ಎಂದರು ಯಜಮಾನಿ.

ಅವಳು ಚೀಲದ ಸಮೇತ ಹಿಂದಿನ ಕೋಣೆಗೆ ಹೋಗಿ ಬಕೆಟ್, ಬಟ್ಟೆಗಳ ಜೊತೆ ಹೊರಬಂದಳು. ಮರದ ಮೇಜಿಗೆ ಹಿಂಡಿ ಹಿಂಡಿ ನೀರಿಳಿಸಿದ ಬಟ್ಟೆ, ಹಿಂದೆಯೇ ಒಣ ಬಟ್ಟೆ. ಗಾಜಿನ ಮೇಜಾದರೆ ದ್ರಾವಣ ಗಾಜಿನ ಮೇಲಲ್ಲ, ಬಟ್ಟೆಯ ಮೇಲೆ. ಸ್ಟೀಲಿನದನ್ನು ಗೆರೆಯ ಗುಂಟವೇ ಉಜ್ಜಬೇಕು. ಅವನು ಊಟಕ್ಕೆ ಕೂತಾಗ ಹೇಳುತ್ತಿದ್ದದ್ದು ಇದನ್ನೇ. ರಸಾಯನಶಾಸ್ತ್ರ ಓದಿದವಳು ನೀನು, ಉಜ್ಜುವವನು ನಾನು ಎಂದು ರೇಗಿಸುತ್ತಿದ್ದ.

ಹೊರಗಿನ ಬಿಳಿ ಪ್ಲಾಸ್ಟಿಕ್ ಮೇಜುಗಳನ್ನು ಅವಳು ಮುಟ್ಟಲಿಲ್ಲ. ಅವಕ್ಕೆ ಬ್ಲೀಚ್ ನೀರು ಬೇಕು. ನೊರೆ ಬರಲೆಂದು ಅದಕ್ಕೆ ಅಮೃತಶಿಲೆಯ ಮೇಜಿಗೆಂದು ನೀಲಿ ಬಾಟಲಿಯಲ್ಲಿ ಇಡುತ್ತಿದ್ದ ಕಲ್ಲಿನ ಸೋಪನ್ನು ಒಂದು ಮುಚ್ಚಳ ಹಾಕುವುದು ಅವನ ರೂಢಿ. ಹೋಟೆಲಿಗೆಲ್ಲ ಗೊತ್ತಿದ್ದ ರೂಢಿ.

ಮ್ಯಾನೇಜರ್ ಅವಳ ಕೈಯನ್ನೇ ನೋಡುತ್ತಿದ್ದ.

"ಅಣ್ಣಾ," ಅವಳು ಅಡುಗೆಯವನನ್ನು ಮೆಲ್ಲಗೆ ಕೇಳಿದಳು, "ಆ ಅಮೃತಶಿಲೆ ಮೇಜಿನ ಮೇಲೆ ಆಸಿಡ್ ಬಿದ್ರೆ ಏನಾಗತ್ತೆ?"

ಅಡುಗೆಯವನ ಸೌಟು ನಿಂತಿತು. "ಬಿಡ್ತು ಅನ್ನು! ಅಮ್ಮಾವ್ರ ಅಪ್ಪ ತರಿಸಿದ್ದು ಅದು. ಅವರ ಜೀವ ಇರೋದೇ ಅದರಲ್ಲಿ. ನಿಂಬೆಹಣ್ಣಿನ ಹನಿ ಬಿದ್ರೂ ಹೊಳಪು ಹೋಗತ್ತೆ, ಆಸಿಡ್ ಬಿದ್ರೆ ಕಲ್ಲೇ ಕುದಿಯತ್ತೆ. ಯಾಕೆ ತಂಗಿ?"

ಅವಳು ಬಕೆಟ್ ಎತ್ತಿಕೊಂಡು ಮುಂದೆ ನಡೆದಳು.

ಅಮೃತಶಿಲೆಯ ಮೇಜು ಕೊನೆಗೆ ಬಂತು. ಯಜಮಾನಿ ಅದರ ಮುಂದೆ ಕೂತು ಕಾಫಿ ಕುಡಿಯುತ್ತಿದ್ದರು. ಕಪ್ ಎತ್ತಿಕೊಂಡು ಜಾಗ ಬಿಟ್ಟರು. ಕಲ್ಲಿನ ಮೇಲೆ ಕಾಫಿಯ ಒಂದು ತೆಳು ಬಳೆ ಉಳಿಯಿತು. ಅವಳು ನೀಲಿ ಬಾಟಲಿ ತೆಗೆದಳು. ಚೀಟಿಯ ಮೇಲೆ ಅವನ ದುಂಡು ಅಕ್ಷರ: ಕಲ್ಲಿನ ಸೋಪು.

ಮ್ಯಾನೇಜರ್ ಗಲ್ಲಾ ಬಿಟ್ಟು ಎದ್ದು ಬಂದ. "ಎಲ್ಲಿತ್ತು ಅದು?"

"ಇವರು ಇಟ್ಟಿದ್ದ ಕಡೆ."

"ನೀಲಿ ಬಾಟಲಿ ಎಲ್ಲಾ ಎಸೆದಿದ್ನಲ್ಲ!"

"ಒಂದು ಉಳಿದಿತ್ತು, ಸಾರ್."

ಮುಚ್ಚಳ ತಿರುಗಿಸಿದಳು. ಬಾಟಲಿ ಮೇಜಿನ ನಟ್ಟನಡುವೆ ಬಾಗಿತು.

"ಬೇಡ! ಸುರೀಬೇಡ!" ಮ್ಯಾನೇಜರ್ ಕೂಗಿದ. "ಕಲ್ಲು ಸುಟ್ಟುಹೋಗತ್ತೆ!"

ಯಜಮಾನಿ ಹುಬ್ಬು ಗಂಟಿಕ್ಕಿದರು. "ಕಲ್ಲಿನ ಸೋಪಿಗೆ ಕಲ್ಲು ಯಾಕ್ರೀ ಸುಡತ್ತೆ?"

"ಅದರಲ್ಲಿ ಸೋಪಿಲ್ಲ ಅಮ್ಮಾವ್ರೇ! ಆಸಿಡ್ ಕ್ಯಾನು ಸೋರ್ತಿತ್ತು, ಬೇರೆ ಪಾತ್ರೆ ಇರಲಿಲ್ಲ, ಖಾಲಿ ಬಾಟಲಿಗಳಿಗೆ ನಾನೇ..."

ಅಡುಗೆಯವನು ಬಾಗಿಲಲ್ಲಿ ನಿಂತು, "ಕುಂಬಳಕಾಯಿ ಕಳ್ಳ ಅಂದ್ರೆ..." ಎಂದು ಗೊಣಗಿ ತನ್ನ ಹೆಗಲು ಮುಟ್ಟಿಕೊಂಡ.

"ನೀವೇ?" ಎಂದರು ಯಜಮಾನಿ. ಕೈಯಲ್ಲಿದ್ದ ಕಪ್ ಅನ್ನು ಪಕ್ಕದ ಮೇಜಿನ ಮೇಲಿಟ್ಟರು. "ಹಾಗಾದ್ರೆ ಆ ಹುಡುಗ ಬಕೆಟ್ಟಿಗೆ ಹಾಕಿದ್ದು ಸೋಪು ಅಂದ್ಕೊಂಡೇ?"

ಮ್ಯಾನೇಜರನ ಕೈ ಸೊಂಟದ ಕೀಲಿಗೊಂಚಲಿಗೆ ಹೋಯಿತು.

ಅವಳು ಬಾಟಲಿಯನ್ನು ಪೂರ್ತಿ ಬೋರಲು ಹಾಕಿದಳು. ಮ್ಯಾನೇಜರ್ ಕಣ್ಣು ಮುಚ್ಚಿಕೊಂಡ. ಕಲ್ಲು ಕುದಿಯಲಿಲ್ಲ, ನೊರೆ ಏಳಲಿಲ್ಲ. ಎಳೆಯ ಬೇರಿನ ಒಂದು ಎಳೆ ಮಾತ್ರ ಬಿಳಿ ಕಲ್ಲಿನ ಮೇಲೆ ತೇಲಿಬಂದು ಅಂಟಿಕೊಂಡಿತು. ಅವಳು ಒಣ ಬಟ್ಟೆಯಿಂದ ಎಲ್ಲವನ್ನೂ ಒರೆಸಿದಳು, ಮುಖ ಕಾಣುವವರೆಗೆ. ಆಮೇಲೆ ಖಾಲಿ ಬಾಟಲಿಯನ್ನು ಮ್ಯಾನೇಜರನ ಕೈಗಿಟ್ಟಳು.

"ನಲ್ಲಿ ನೀರು, ಸಾರ್. ಬಳ್ಳಿ ಇಡೋಕೆ ಅಂತ ಇವರು ಒಂದು ಖಾಲಿ ಬಾಟಲಿ ಎರವಲು ತಂದಿದ್ರು. ವಾಪಸ್ ಕೊಡೋಕೆ ಬಂದೆ."