ಮಡಚುವ ಮೆನು

ಪುರಸಭೆಯ ವೆಬ್‌ಸೈಟಿನ ಮೆನು ಕಣ್ಣು ಕಾಣದವರಿಗೂ ಒದಗಬೇಕೆಂದು ಅದರ ಗುತ್ತಿಗೆ ಹಿಡಿದಿದ್ದ ಸಫಿಯಾ ತುಂಬ ಶ್ರಮಪಟ್ಟಿದ್ದಳು. ಕೀಬೋರ್ಡಿನ ಒಂದು ಗುಂಡಿ ಒತ್ತುತ್ತ ಮೆನುವಿನ ಒಂದು ವಿಭಾಗದಿಂದ ಮುಂದಿನದಕ್ಕೆ ಹೋಗಬಹುದಿತ್ತು. ಇನ್ನೊಂದು ಗುಂಡಿ ಒತ್ತಿದರೆ ಆ ವಿಭಾಗ ಬಿಚ್ಚಿಕೊಳ್ಳುತ್ತಿತ್ತು, ಇನ್ನೊಮ್ಮೆ ಒತ್ತಿದರೆ ಮಡಚಿಕೊಳ್ಳುತ್ತಿತ್ತು. ವಿಭಾಗದ ಹೆಸರನ್ನೂ ಅದು ಬಿಚ್ಚಿದೆಯೋ ಮಡಚಿದೆಯೋ ಎಂಬುದನ್ನೂ ಕಂಪ್ಯೂಟರೇ ಗಟ್ಟಿಯಾಗಿ ಹೇಳುತ್ತಿತ್ತು.

ಅದನ್ನು ಒಪ್ಪಿಸುವ ದಿನ ಪುರಸಭೆಯ ಅಧ್ಯಕ್ಷರೂ ಇಂಜಿನಿಯರೂ ಬಂದು ಕೂತರು. ಪರೀಕ್ಷಿಸಲು ಕರೆಸಿದ್ದ ಅಂಧ ಶಿಕ್ಷಕ ಕಾಳಪ್ಪ ಮೇಷ್ಟ್ರು ಮೊದಲನೇ ಗುಂಡಿ ಒತ್ತಿದರು.

“ತೆರಿಗೆ, ಕುಸಿದಿದೆ,” ಎಂದಿತು ಕಂಪ್ಯೂಟರ್.

ಸಫಿಯಾಗೆ ತಕ್ಷಣ ತಪ್ಪು ಹೊಳೆಯಿತು. ‘ಮಡಚಿದೆ’ ಎನ್ನಬೇಕಾದ ಕಡೆಯಲ್ಲೆಲ್ಲ ಅನುವಾದದ ತಂತ್ರಾಂಶ ಇಂಗ್ಲಿಷಿನ ‘ಕೊಲ್ಯಾಪ್ಸ್ಡ್’ ಪದಕ್ಕೆ ‘ಕುಸಿದಿದೆ’ ಎಂದು ಹಾಕಿಬಿಟ್ಟಿತ್ತು.

“ಏನಮ್ಮಾ, ತೆರಿಗೆ ಕುಸಿದಿದ್ಯಾ?” ಅಧ್ಯಕ್ಷರು ಗಾಬರಿಯಾದರು.

“ಇಲ್ಲ ಸಾರ್, ಪದ ತಪ್ಪಾಗಿದೆ. ಈಗ್ಲೇ ಸರಿ ಮಾಡ್ತೀನಿ.”

“ತಡಿಯಮ್ಮಾ, ಮುಂದಿಂದೂ ಕೇಳೋಣ,” ಎಂದು ಮೇಷ್ಟ್ರು ಮತ್ತೆ ಒತ್ತಿದರು.

“ಕಸ ವಿಲೇವಾರಿ, ಕುಸಿದಿದೆ.”

“ಇದು ಸರಿಯಾಗೇ ಇದೆಯಲ್ಲ!” ಎಂದರು ಮೇಷ್ಟ್ರು.

ಅಧ್ಯಕ್ಷರ ಮುಖ ಕೆಂಪಾಯಿತು. ಈ ಕೆಲಸ ಕೈತಪ್ಪಿದಂತೆಯೇ ಎಂದುಕೊಂಡ ಸಫಿಯಾ ಕಂಪ್ಯೂಟರಿನ ವೈರು ಕೀಳಲು ಕೈಚಾಚಿದಳು. ಅಷ್ಟರಲ್ಲಿ ಮೇಷ್ಟ್ರು ಇನ್ನೊಂದು ಸಲ ಒತ್ತಿಬಿಟ್ಟಿದ್ದರು.

“ಹೊಸ ನೀರಿನ ಟ್ಯಾಂಕ್, ಕುಸಿದಿದೆ.”

ಇಂಜಿನಿಯರು ಕುರ್ಚಿಯಿಂದ ಎದ್ದು ಅಧ್ಯಕ್ಷರ ಕಾಲು ಹಿಡಿದುಕೊಂಡರು.

“ಇವತ್ತು ಬೆಳಿಗ್ಗೆ ತಾನೇ ಬಿತ್ತು ಸಾರ್. ಇಷ್ಟು ಬೇಗ ವೆಬ್‌ಸೈಟಿಗೆ ಹಾಕಿದ್ದು ಯಾರು?”