ಹೋಗ್ತೀನಿ ಅನ್ನೋ ಬಟನ್ನು

ಬೋರಮ್ಮನ ಹೆಬ್ಬೆರಳು ಮೊಬೈಲಿನ ತನಕ ಹೋಗಿ ಮತ್ತೆ ಹಿಂದೆ ಸರಿಯಿತು. ಗಂಡ ದೊಡ್ಡಣ್ಣ ಗುಣವಾಗಿ, ವಿಜಯನಗರದ ಆಸ್ಪತ್ರೆ ಬಾಗಿಲಲ್ಲಿ ಆಗಲೇ ಆಟೊ ಹತ್ತಿ ಕೂತಿದ್ದ. ಇಲ್ಲಿ ಒಳಗೆ, ಬಿಡುಗಡೆ ಚೀಟಿ ಕೊಡಬೇಕಾದ ಆಸ್ಪತ್ರೆಯ ಹೊಸ ಆ್ಯಪು ಮಾತ್ರ, "ಹೊರಡುತ್ತೀರಾ?" ಎಂದು ಕೇಳಿ ಅಡ್ಡ ನಿಂತಿತ್ತು. ಕೆಳಗೆ ಎರಡೇ ಬಟನ್ನು: "ಹೋಗ್ತೀನಿ", "ಇಲ್ಲೇ ಇರ್ತೀನಿ".

ಆಚೀಚೆ ಎಲ್ಲಿ ಮುಟ್ಟಿದರೂ ಆ ಪ್ರಶ್ನೆ ತೊಲಗುತ್ತಿರಲಿಲ್ಲ. ಉತ್ತರಿಸದೆ ಯಾರೂ ಜಾರಿಕೊಳ್ಳಬಾರದೆಂದು ಆ್ಯಪು ಬರೆದ ಕೀರ್ತನಾಳೇ ಹಾಗೆ ಮಾಡಿದ್ದಳು. ಜನ ಅದನ್ನು ಹೇಗೆ ಬಳಸುತ್ತಾರೆಂದು ನೋಡಲು ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಿದ್ದ ಅವಳು, ಬಟನ್ನೇ ಕೆಟ್ಟಿದೆಯೇನೋ ಎಂದು ತಲೆ ಕೆರೆದುಕೊಂಡಳು. "ಒತ್ತಿ ಆಂಟಿ."

"ಆಸ್ಪತ್ರೇಲಿ ಕೂತ್ಕೊಂಡು ಹೋಗ್ತೀನಿ ಅಂತಾರೇನಮ್ಮ? ಬಿಡ್ತು ಅನ್ನು! ಇಲ್ಲೇ ಇರ್ತೀನಿ ಅನ್ನೋಕೂ ಆಗಲ್ಲ."

ಕೀರ್ತನಾ ನಾಲಿಗೆ ಕಚ್ಚಿಕೊಂಡು, "ಹೋಗಿ ಬರ್ತೀನಿ" ಎಂದು ತಿದ್ದಿ ತೋರಿಸಿದಳು. ಬೋರಮ್ಮನ ಮುಖ ಇನ್ನಷ್ಟು ಸಪ್ಪಗಾಯಿತು. "ಇಲ್ಲಿಗೆ ಇನ್ನೊಂದ್ಸಲ ಬರೋದಾ?"

ಹೋಗುವಂತಿಲ್ಲ, ಇರುವಂತಿಲ್ಲ, ಬರುವಂತೆಯೂ ಇಲ್ಲ. ಕೀರ್ತನಾ ಬಟನ್ನಿನ ಅಕ್ಷರಗಳನ್ನೆಲ್ಲ ಅಳಿಸಿ, ಖಾಲಿ ಬಟನ್ನನ್ನೇ ಪಿಳಿಪಿಳಿ ನೋಡುತ್ತಾ ಕೂತಳು. "ಮತ್ತೇನಂತ ಹಾಕ್ಲಿ ಆಂಟಿ?"

ಅಷ್ಟರಲ್ಲಿ ಆಟೊದಿಂದ ದೊಡ್ಡಣ್ಣನ ದನಿ ಕೇಳಿಸಿತು. ಕಾಯಿಲೆ ಬಿದ್ದಮೇಲೆ ಅವನು ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. "ಏನೇ, ಮನೆಗೆ ನಡಿಯೇ!"

ಬೋರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮನೆಗೆ ಅಂತ ಹಾಕಮ್ಮ. ಒತ್ತುತೀನಿ."