ಅರ್ಧ ಗಾಳಿ

ದಿನಾ ಬೆಳಿಗ್ಗೆ ಆರಕ್ಕೆ, ಪಂಕ್ಚರ್ ಅಂಗಡಿಯ ಫಕ್ಕೀರಪ್ಪನ ರಕ್ತನಾಳದ ಒಳಚಿತ್ರ ಅಡುಗೆಮನೆಯ ಪರದೆಯ ಮೇಲೆ ಮೂಡುತ್ತದೆ. ನಾಳ ತೆರೆದಿಡುವ ಜಾಲರಿ ಕೊಳವೆ, ಸ್ಟೆಂಟ್, ಹಾಕಿಸಿಕೊಂಡವರ ಮನೆಯಲ್ಲೆಲ್ಲ ಹಾಗೇ. ಹೆಂಡತಿ ನೀಲವ್ವ ಚಹಾಕ್ಕೆ ನೀರಿಡುತ್ತ ನೋಡುತ್ತಾಳೆ. ಸ್ಟೆಂಟ್ ಪೂರ್ತಿ ಅರಳಿಲ್ಲ. ರಕ್ತ ಹರಿಯುವ ದಾರಿ ಮುಚ್ಚಿಕೊಳ್ಳುತ್ತಿದೆ. ಚಿತ್ರದ ಕೆಳಗೆ ಒಂದು ಸಾಲು: 'ಅರಳಿದ್ದು ನೂರಕ್ಕೆ ಐವತ್ತೆಂಟು. ಸಾಕು ಎಂದವರು: ನೀಲವ್ವ, ಪತ್ನಿ.'

ಒಳಗೆ ಬಲೂನು ಉಬ್ಬಿಸಿ ಸ್ಟೆಂಟ್ ಅರಳಿಸುವಾಗ ಸಾಕೆನ್ನುವ ಹಕ್ಕು ಮನೆಯವರದು. ಒಮ್ಮೆ ಸಾಕೆಂದರೆ ಮತ್ತೆ ಅರಳಿಸಲು ಬರುವುದಿಲ್ಲ. ಅಂದು ಗಂಡ ನರಳಿದ್ದನ್ನು ತಾಳಲಾರದೆ ಅವಳು "ಸಾಕ್ರಿ, ಬಿಡ್ರಿ ಅವ್ರನ್ನ" ಎಂದು ಕೂಗಿಬಿಟ್ಟಿದ್ದಳು. ಇದನ್ನು ಅವನಿಗೆ ಹೇಳಿರಲಿಲ್ಲ. ಅವನು ಪರದೆಯತ್ತ ತಿರುಗಿಯೂ ನೋಡುವುದಿಲ್ಲ ಎಂದುಕೊಂಡಿದ್ದಳು.

ನಿನ್ನೆ ಧೈರ್ಯ ಮಾಡಿ ಕೇಳಿದಳು. "ಗಿರಾಕಿ ಸಾಕಂದ್ರ ಗಾಳಿ ನಿಲ್ಲಸ್ತೀರೇನು?"

"ಅವ್ರಿಗೇನ್ ತಿಳೀತೈತಿ? ಮೀಟರ್ ನೋಡಿ ನಿಲ್ಲಸಬೇಕು," ಎಂದ ಫಕ್ಕೀರಪ್ಪ, ತಟ್ಟೆಯಿಂದ ತಲೆಯೆತ್ತದೆ. ಆಮೇಲೆ ತಲೆಯೆತ್ತಿ ಅವಳ ಮುಖ ನೋಡಿದ.

ಇಂದು ಚಿತ್ರ ಮೂಡಿದಾಗ ಅವಳ ಹೆಸರು ಕಾಣಲಿಲ್ಲ. ಆ ಜಾಗದಲ್ಲಿ, ಟ್ಯೂಬಿಗೆ ಹಚ್ಚುವ ಕರಿ ರಬ್ಬರಿನ ತೇಪೆಯೊಂದು ಅಂಟಿತ್ತು. ಫಕ್ಕೀರಪ್ಪ ಅದರ ನಾಲ್ಕೂ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದ್ದ.

"ಚಾ ಆತೇನ?" ಹೊರಗಿನಿಂದ ಅವನ ದನಿ ಬಂತು.

ತೇಪೆಯ ಮೇಲ್ಗಡೆ, ಚಿತ್ರದಲ್ಲಿ, ನಿನ್ನೆ ಜೋಳದ ಕಾಳಿನಷ್ಟು ಕಂಡಿದ್ದ ರಕ್ತದ ದಾರಿ ಇಂದು ಸಾಸಿವೆಯಷ್ಟಾಗಿತ್ತು.